ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮೊದಲು

ನಮಸ್ಕಾರ ಕೇಳುಗರೇ. ಮನೆಯಲ್ಲಿ ಎಂಟು-ಹತ್ತು ವರ್ಷದ ಲ್ಯಾಪ್‌ಟಾಪ್ ಇದೆ, ಅದಕ್ಕೆ ವಿಂಡೋಸ್ 11 ಬರುವುದಿಲ್ಲ ಎಂದಿದ್ದಾರೆ, ಅಂಗಡಿಯಲ್ಲಿ ಕೇಳಿದರೆ ಹೊಸದೇ ತಗೊಳ್ಳಿ ಅನ್ನುತ್ತಾರೆ. ಇಂಥ ಇಕ್ಕಟ್ಟಿನಲ್ಲಿ ಇರುವವರು ಸ್ವಲ್ಪ ಹೊತ್ತು ಕಿವಿ ಕೊಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದು. ಅದಕ್ಕಿಂತ ಹಳೆಯದಾದರೆ ಸ್ಕ್ರೀನ್, ಕೀಬೋರ್ಡ್ ಎಲ್ಲಾ ಗಟ್ಟಿಮುಟ್ಟಾಗಿದ್ದರೂ ಅದು ಗುಜರಿ ಲೆಕ್ಕ. ನನಗಂತೂ ಇದು ಒಪ್ಪಿಗೆಯಿಲ್ಲ. ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎನ್ನುವ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಕೆಲಸ ಮಾಡುತ್ತದೆ.

ಲಿನಕ್ಸ್ ಎಂದ ಕೂಡಲೇ ಅದು ಎಂಜಿನಿಯರುಗಳ ಸಾಮಾನು ಅಂದುಕೊಳ್ಳಬೇಡಿ. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ ಕೆಲಸ ಅದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗೂ ಅದೇ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಿದ್ದಾರೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಆಗುವುದು ನಮಗೆ ಆಗಲ್ವಾ?

ನಾನು ಇವತ್ತು ಹೇಳುವುದು ಒಂದೇ ಮಾತು. ಏನನ್ನೂ ಅಳಿಸುವ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ಲಿನಕ್ಸ್‌ನಲ್ಲಿ ಈ ಅನುಕೂಲ ಇದೆ. ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತದೆ, ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇರುವುದು ಇದ್ದ ಹಾಗೇ ಇರುತ್ತದೆ. ಮದುವೆಗೆ ಮುಂಚೆ ಹೋಗಿ ಮನೆ ನೋಡಿಕೊಂಡು ಬಂದ ಹಾಗೆ ಇದು. ಹಿಡಿಸಲಿಲ್ಲವಾ, ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ, ಹಳೇ ವಿಂಡೋಸ್ ಬರುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಸುತ್ತಲಿನ ಹಳ್ಳಿಗಳ ಗಾದೆ, ಒಗಟು, ಹಬ್ಬದ ಹಾಡು ಎಲ್ಲವನ್ನೂ ಕೇಳಿ ಕೇಳಿ ಟೈಪ್ ಮಾಡಿಟ್ಟುಕೊಂಡವರು. ಅವರ ಲ್ಯಾಪ್‌ಟಾಪ್ ಆನ್ ಆಗಿ ಸಿದ್ಧವಾಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಯುತ್ತಿತ್ತು. ರಿಪೇರಿಯವರು ಕೈ ಚೆಲ್ಲಿದ ಮೇಲೆ ಅದನ್ನು ಬಗಲಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. 'ಏನಾದ್ರೂ ಮಾಡಪ್ಪಾ, ಆದ್ರೆ ನನ್ನ ಬರಹಕ್ಕೆ ಏನೂ ಆಗಬಾರದು' ಎಂದರು. ಏನೂ ಆಗಲ್ಲ ಮೇಷ್ಟ್ರೇ, ಸುಮ್ನೆ ನೋಡೋಣ ಬನ್ನಿ ಎಂದು ಲಿನಕ್ಸಿನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿದೆ. ಪರದೆ ಬಂತು. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ, ವೈಫೈ. 'ಇದು ವಿಂಡೋಸ್ ಥರಾನೇ ಇದೆಯಲ್ಲೋ' ಎಂದು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು.

ಅವರ ಫೋಲ್ಡರುಗಳೆಲ್ಲಾ ಕಂಡವು. ಆದರೆ ಗಾದೆಗಳ ಫೈಲ್ ತೆರೆದಾಗ ಮೇಷ್ಟ್ರ ಮುಖ ಬಾಡಿಹೋಯಿತು. ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಅಕ್ಷರ, ನ ಇರಬೇಕಾದಲ್ಲಿ ಪೌಂಡ್ ಹಣದ ಚಿಹ್ನೆ, ಪಕ್ಕದಲ್ಲಿ ತಲೆ ಮೇಲೆ ಗೀರು ಇರುವ ಎ ಅಕ್ಷರ. 'ಹೋಯ್ತಲ್ಲಪ್ಪಾ ಎಲ್ಲಾ' ಎಂದರು. ಏನೂ ಹೋಗಿರಲಿಲ್ಲ. ಅದು ನುಡಿ ಎನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ ಫೈಲ್. ಅದಕ್ಕೆ ನುಡಿ 01 ಇ ಫಾಂಟ್ ಬೇಕು, ಲಿನಕ್ಸ್‌ನಲ್ಲಿ ಅದು ಇರುವುದಿಲ್ಲ, ಅಷ್ಟೇ. ಅವರದೇ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಒಂದು ಫೈಲನ್ನು ತಂದು, ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆ. ಫೈಲ್ ತೆರೆದಿದ್ದ ಲಿಬ್ರೆ ಆಫೀಸ್ ತಂತ್ರಾಂಶವನ್ನು ಮುಚ್ಚಿ ತೆರೆದಾಗ ಗಾದೆಗಳು ಸಾಲಾಗಿ ನಿಂತಿದ್ದವು. ಮೇಷ್ಟ್ರು ಮೊದಲನೆಯದನ್ನು ಜೋರಾಗಿ ಓದಿಯೇ ಬಿಟ್ಟರು.

ಆಮೇಲೆ ಟೈಪಿಂಗ್. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಲೇಔಟ್ಸ್, ಅಲ್ಲಿ ಕನ್ನಡ ಕಗಪ ಎನ್ನುವ ಕೀಲಿಮಣೆ ವಿನ್ಯಾಸ ಸೇರಿಸಿದೆ. ಇದು ಹೆಚ್ಚುಕಡಿಮೆ ಅವರು ನುಡಿಯಲ್ಲಿ ಬಳಸುತ್ತಿದ್ದ ವಿನ್ಯಾಸವೇ. ಎ, ಎಂ, ಎಫ್, ಎಂ ಒತ್ತಿದರು. 'ಅಮ್ಮ' ಎಂದು ಬಂತು. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ ಎಂದು ಅವರ ಬೆರಳಿಗೇ ಗೊತ್ತಿತ್ತು. ಈಗ ಹೊಸದಾಗಿ ಬರೆಯುವುದೆಲ್ಲಾ ಯೂನಿಕೋಡ್, ಅಂದರೆ ಎಲ್ಲಾ ಕಂಪ್ಯೂಟರ್, ಮೊಬೈಲುಗಳಿಗೂ ಒಂದೇ ಆದ ಅಕ್ಷರ ಸಂಕೇತ, ವಾಟ್ಸಾಪಿಗೆ ಹಾಕಿದರೂ ಕೆಡುವುದಿಲ್ಲ.

ಇದೆಲ್ಲಾ ನಡೆದಾಗ ನಾವು ಇನ್ನೂ ಇನ್‌ಸ್ಟಾಲ್ ಮಾಡಿರಲೇ ಇಲ್ಲ, ಗಮನಿಸಿದಿರಾ? ತೊಡಕು ಏನು, ಪರಿಹಾರ ಏನು ಎಲ್ಲಾ ಪೆನ್‌ಡ್ರೈವ್‌ನಲ್ಲೇ ಗೊತ್ತಾಯಿತು. ಜನ ಮಾಡುವುದು ಉಲ್ಟಾ. ಯಾರದೋ ವಿಡಿಯೋ ನೋಡಿ ರಾತ್ರೋರಾತ್ರಿ ಡಿಸ್ಕ್ ಅಳಿಸಿ, ಬೆಳಿಗ್ಗೆ ಎದ್ದು ಮಗಳ ಮದುವೆ ಫೋಟೋ ಎಲ್ಲಿ ಎಂದು ಫೋನ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ.

ಸಮಯ ಆಗುತ್ತಾ ಬಂತು, ಮಾಡುವ ವಿಧಾನ ಬೇಗ ಹೇಳಿಬಿಡುತ್ತೇನೆ. 8 ಜಿಬಿಯ ಪೆನ್‌ಡ್ರೈವ್ ಸಾಕು, ಖಾಲಿ ಇರಲಿ, ಯಾಕೆಂದರೆ ಅದರಲ್ಲಿ ಇದ್ದದ್ದು ಅಳಿಸಿಹೋಗುತ್ತದೆ. ಲಿನಕ್ಸ್ ಮಿಂಟ್ ಅವರ ತಾಣದಿಂದಲೇ ಫೈಲ್ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ರೂಫಸ್ ಎನ್ನುವ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ, ಸುಮ್ನೆ ಕಾಪಿ ಮಾಡಿದರೆ ನಡೆಯುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತುತ್ತಾ ಇದ್ದರೆ ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತದೆ. ವೈಫೈ ಸಿಗದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್ನೆಟ್ ಬರುತ್ತದೆ. ಸೌಂಡ್ ಬರುತ್ತಾ, ಪ್ರಿಂಟರ್ ಕೆಲಸ ಮಾಡುತ್ತಾ, ಬ್ಯಾಂಕಿನ ತಾಣ ತೆರೆಯುತ್ತಾ, ಎಲ್ಲಾ ಪರೀಕ್ಷೆ ಮಾಡಿ. ರ‍್ಯಾಮ್ 4 ಜಿಬಿ ಇದ್ದರೆ ಸಾಕು.

ಟ್ಯಾಲಿಯಲ್ಲೇ ಲೆಕ್ಕ ಬರೆಯುವ ಅಂಗಡಿಯವರು ಆ ಕಂಪ್ಯೂಟರನ್ನು ಮುಟ್ಟಬೇಡಿ, ಅದು ವಿಂಡೋಸಿನಲ್ಲೇ ಇರಲಿ. ಉಳಿದವರು ಎಲ್ಲಾ ಸರಿ ಬಂದರೆ ಫೋಟೋ, ಕಾಗದಪತ್ರ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟು, ಅದು ತೆರೆಯುತ್ತದಾ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ನಮಸ್ಕಾರ.