ದೇವತೆಗಳು ಎದ್ದುಹೋದ ಮರುದಿನ

ಕೇಳುಗರಿಗೆ ನಮಸ್ಕಾರ. ದೇವತೆಗಳು ಬಿಟ್ಟುಹೋದ ಲೋಕದ ಕಥೆ ಕಟ್ಟುವುದು ಹೇಗೆ ಎಂಬುದು ಇವತ್ತಿನ ಮಾತು.

ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ಬಿರುದಿನ ಅರಸ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಕಲ್ಪನಾಲೋಕದ ಕಥೆ ಕಟ್ಟುವವರಿಗೆ ಬೇಕಾದದ್ದು ಅದರೊಳಗಿನ ಇನ್ನೊಂದು ಮಾತು: ಜಂಬೂದ್ವೀಪದಲ್ಲಿ ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ.

ಬೆರೆಯದೆ ದೂರ ಉಳಿದದ್ದು ಯಾಕೆ? ಶಾಸನ ಹೇಳುವುದಿಲ್ಲ. ಆಪಸ್ತಂಬ ಧರ್ಮಸೂತ್ರ ಎಂಬ ಪ್ರಾಚೀನ ಸಂಸ್ಕೃತ ಗ್ರಂಥದಲ್ಲಿ ಒಂದು ಉತ್ತರವಿದೆ. ಮೊದಲು ದೇವತೆಗಳೂ ಮನುಷ್ಯರೂ ಈ ಲೋಕದಲ್ಲೇ ಕೂಡಿ ಇದ್ದರು. ದೇವತೆಗಳು ತಮ್ಮ ಕರ್ಮಗಳ ಬಲದಿಂದ ಸ್ವರ್ಗಕ್ಕೆ ಹೋದರು, ಮನುಷ್ಯರು ಹಿಂದೆ ಉಳಿದರು. ಆಮೇಲೆ ಮನು ಶ್ರಾದ್ಧವನ್ನು ವಿಧಿಸಿದ. ಯುದ್ಧವಿಲ್ಲ, ಶಾಪವಿಲ್ಲ. ಹೋದದ್ದು ಹೇಗೆ, ಉಳಿದವರು ಯಾರು, ಖಾಲಿ ಜಾಗಕ್ಕೆ ಬಂದದ್ದೇನು, ಈ ಮೂರೂ ನಾಲ್ಕು ಸಾಲಿನಲ್ಲಿವೆ. ನಮ್ಮ ಹೊಸ ಬರಹಗಾರರು ಮೊದಲನೆಯದಕ್ಕೆ ಐವತ್ತು ಪುಟ ಸುರಿದು ಮೂರನೆಯದನ್ನು ಮರೆತೇಬಿಡುತ್ತಾರೆ.

ಆದ್ದರಿಂದ ಬರೆಯಲು ಕೂತಾಗ ಮರುದಿನದಿಂದ ಶುರುಮಾಡಿ. ನಿಮ್ಮ ಲೋಕದಲ್ಲಿ ಕಾಲುವೆಯ ನೀರು ಹಂಚುತ್ತಿದ್ದವಳು ಹೊಳೆಯ ದೇವಿ ಅನ್ನಿ. ಅವಳು ಹೋದ ಬೆಳಿಗ್ಗೆ ತೂಬು ಎತ್ತುವವರು ಯಾರು? ಮೇಲಿನ ಹೊಲದವರು ನೀರು ಕಟ್ಟಿಕೊಂಡರೆ ಕಾಲುವೆಯ ಕೊನೆಯಲ್ಲಿ ಭತ್ತ ಒಣಗುತ್ತದೆ. ತುಂಗಭದ್ರಾ ಕಾಲುವೆಯ ಕೆಳಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಬೇಸಿಗೆಯಲ್ಲೇ ಜಗಳ. ಆಗ ತೂಬಿನ ಕೀಲಿ ಹಿಡಿದ ನೀರಗಂಟಿ ಪೂಜಾರಿಯಾಗುತ್ತಾನೆ, ಅವನ ಮೊಮ್ಮಗ ಅರಸನಾಗುತ್ತಾನೆ. ದೇವಿ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಈಗ ಅದು ಯಾರ ಕೈಲಿದೆ ಎಂದು ಬರೆಯಿರಿ. ಹೆಸರು ಬರೆಯಲಾಗದ ಕಡೆ ನಿಮ್ಮ ಕಥೆಯ ಕಲಹ ಇರುತ್ತದೆ.

ಕಾಲದ ಲೆಕ್ಕವನ್ನೂ ಹಾಕಬೇಕು. ತಲೆಮಾರಿಗೆ 25 ವರ್ಷ ಹಿಡಿದರೆ 300 ವರ್ಷಕ್ಕೆ 12 ತಲೆಮಾರು. 50 ವರ್ಷದ ಹಿಂದೆ ಹೋದ ದೇವಿಯನ್ನು ಕಣ್ಣಾರೆ ಕಂಡ ಅಜ್ಜಿ ಊರಲ್ಲಿ ಇರುತ್ತಾಳೆ. 300 ವರ್ಷವಾದರೆ ಉಳಿಯುವುದು ಊರಿನ ಹೆಸರು, ಒಂದು ಬೈಗುಳ, ಅರ್ಥ ತಿಳಿಯದ ಒಂದು ಆಚರಣೆ. ಎಲ್ಲ ದೇವತೆಗಳೂ ಒಂದೇ ದಿನ ಹೋಗಬೇಕೆಂದೂ ಇಲ್ಲ. ಹಂಪಿಯಲ್ಲೇ ನೋಡಿ, ವಿಠ್ಠಲನ ಗರ್ಭಗುಡಿ ಖಾಲಿ, ವಿರೂಪಾಕ್ಷನಿಗೆ ಇಂದಿಗೂ ಪೂಜೆ.

ಹೆಚ್ಚಿನವರು ಎಡವುವುದು ಪೀಠಿಕೆಯಲ್ಲಿ. ಲೇಖಕನೇ ನಿಂತು ‘ನಡೆದದ್ದು ಹೀಗೆ’ ಎಂದು ಹೇಳಿಬಿಟ್ಟರೆ ಪಾತ್ರಗಳಿಗೆ ವಾದಿಸಲು ಏನೂ ಉಳಿಯುವುದಿಲ್ಲ. ಮಸ್ಕಿಯ ಶಾಸನದ ಮುಖ್ಯ ವಿಷಯ ದೇವತೆಗಳಲ್ಲ. ಎರಡೂವರೆ ವರ್ಷದಿಂದ ತಾನು ಬುದ್ಧನ ಅನುಯಾಯಿ, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಇದನ್ನು ಸಾಧಿಸಬಲ್ಲ ಎಂಬುದು ಅರಸನ ಮಾತು. ದೇವತೆಗಳ ಸುದ್ದಿ ನಡುವೆ ಹಾಗೇ ಹಾದುಹೋಗುತ್ತದೆ. ಅದಕ್ಕೇ ನಂಬಿಕೆ ಬರುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಇದೆ. ಇದೇ ಶಾಸನದ ಬೇರೆ ಕಡೆಯ ಪ್ರತಿಗಳನ್ನು ಮೊದಲು ಓದಿದ ಕೆಲವು ವಿದ್ವಾಂಸರು ದೇವತೆಗಳ ಸಾಲಿನಲ್ಲಿ ಬರುವ ‘ಮಿಸಾ’ ಎಂಬ ಪದವೆಂದರೆ ಮೃಷಾ, ಸುಳ್ಳು, ಎಂದು ತಿಳಿದರು. ಆಗ ಅರ್ಥ ತಿರುಗಿ, ನಿಜವೆನಿಸಿದ್ದ ದೇವತೆಗಳು ಸುಳ್ಳಾದರು ಎಂದಾಯಿತು! ಮಸ್ಕಿಯ ಬಂಡೆಯಲ್ಲಿ ‘ಮಿಸಿಭೂತಾ’ ಎಂದಿದೆ, ಅಂದರೆ ಬೆರೆತವರು. ಆ ಹಳೆಯ ಓದು ಅಲ್ಲಿ ಕೂಡುವುದಿಲ್ಲ. ಒಂದು ಪದದ ಮೇಲೆ ಎರಡು ಪಂಥ ಹುಟ್ಟಿಸಬಹುದು. ಒಂದು ಪಂಥಕ್ಕೆ ದೇವಿ ದೂರ ಹೋದವಳು, ಇನ್ನೊಂದಕ್ಕೆ ಅವಳು ಎಂದೂ ಇರಲೇ ಇಲ್ಲ.

ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಇದೇ ಶಾಸನದ ಪ್ರತಿಗಳಿವೆ. ನಿಮ್ಮ ಲೋಕದಲ್ಲೂ ಹಾಗೇ ಐದು ಬಂಡೆ ಇಡಿ, ಒಂದೊಂದರಲ್ಲಿ ಒಂದೊಂದು ಸಾಲು ಸವೆದಿರಲಿ. ದೇವಿ ಯಾಕೆ ಹೋದಳು ಎಂಬ ಸಾಲು ಮಾತ್ರ ಐದರಲ್ಲೂ ಸವೆದಿರಲಿ.

ನಮಸ್ಕಾರ.