ಸ್ಟಾರ್ಟರ್ ಡಬ್ಬಿಯೊಳಗಿನ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ.

ಬೋರ್‌ವೆಲ್ ಇರುವ ತೋಟಕ್ಕೆ ಹೋದವರೆಲ್ಲ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿರುತ್ತೀರಿ. ಗೋಡೆಗೆ ಹೊಡೆದ ಹಲಗೆ, ಅದರ ಮೇಲೊಂದು ಕಬ್ಬಿಣದ ಡಬ್ಬಿ, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಒತ್ತಿದರೆ ಒಳಗೆ ಟಕ್ ಅನ್ನುತ್ತದೆ, ಮೋಟರು ಓಡುತ್ತದೆ. ಬೆರಳು ತೆಗೆದರೂ ಓಡುತ್ತಲೇ ಇರುತ್ತದೆ. ಇದರಲ್ಲೇನು ವಿಶೇಷ ಅಂತೀರಾ? ಗುಂಡಿ ಆಗಲೇ ವಾಪಸ್ ಬಂದಿದೆ. ಆದರೂ ಯಾರೋ ಅದನ್ನು ಒತ್ತಿದ್ದರು ಅನ್ನುವುದು ಆ ಡಬ್ಬಿಗೆ ನೆನಪಿದೆ.

ಒಳಗಿರುವುದು ಒಂದು ಕಾಯಿಲ್. ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ಕಾಂಟ್ಯಾಕ್ಟುಗಳನ್ನು ಎಳೆದುಕೊಳ್ಳುತ್ತದೆ. ಮೋಟರಿಗೆ ಹೋಗುವ ಕಾಂಟ್ಯಾಕ್ಟುಗಳ ಪಕ್ಕದಲ್ಲಿ ಇನ್ನೊಂದು ಚಿಕ್ಕದಿರುತ್ತದೆ. ಅದು ಕಾಯಿಲ್‌ಗೇ ಕರೆಂಟು ಕೊಡುತ್ತದೆ. ಅಂದರೆ ಕಾಯಿಲ್ ತನ್ನನ್ನು ತಾನೇ ಹಿಡಿದುಕೊಂಡು ಕೂತಿರುತ್ತದೆ. ಕೆಂಪು ಗುಂಡಿ ಆ ದಾರಿಯನ್ನು ಕಡಿಯುತ್ತದೆ.

ಕಂಪ್ಯೂಟರಿನಲ್ಲಿ ಒಂದು ಬಿಟ್, ಅಂದರೆ ಒಂದೇ ಒಂದು 1 ಅಥವಾ 0, ನೆನಪಿಟ್ಟುಕೊಳ್ಳುವುದು ಹೆಚ್ಚುಕಡಿಮೆ ಹೀಗೆಯೇ. ಹಸಿರು ಒತ್ತಿದರೆ 1, ಕೆಂಪು ಒತ್ತಿದರೆ 0. ಇದನ್ನು ಲ್ಯಾಚ್ ಅಂತಾರೆ. ಮೊಬೈಲಿನ ರ್‍ಯಾಮ್ ಬೇರೆ ಥರದ್ದು, ಅದರ ಕತೆ ಇನ್ನೊಂದು ದಿನ.

ನಾನು ಡಿಪ್ಲೊಮಾ ಮಕ್ಕಳಿಗೆ ಬಹಳ ವರ್ಷ ಲ್ಯಾಬ್ ಹೇಳಿಕೊಟ್ಟವನು. ಲ್ಯಾಚಿನ ಜಾತಿಯದೇ ಆದ ಫ್ಲಿಪ್‌ಫ್ಲಾಪ್ ಹೆಸರನ್ನು ಬೋರ್ಡಿನ ಮೇಲೆ ಬರೆದ ಕೂಡಲೇ ಮುಖಗಳು ಕೆಳಗಾಗುತ್ತಿದ್ದವು. ಸ್ಟಾರ್ಟರ್ ಬಗ್ಗೆ ಕೇಳಿದರೆ ಹಿಂದಿನ ಬೆಂಚಿನ ಹುಡುಗರೇ ಎದ್ದು ವಿವರಿಸುತ್ತಿದ್ದರು. ಮನೆಯಲ್ಲಿ ಅವರೇ ತಾನೇ ಅದರ ಕಾಂಟ್ಯಾಕ್ಟು ಉಜ್ಜಿ ಸರಿಮಾಡುವವರು!

ನೆನಪಿನ ಮಾತಾಯಿತು, ಇನ್ನು ಲೆಕ್ಕ. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚಿರುತ್ತದೆ ಅಲ್ವಾ? ಎರಡೂ ಕೆಳಗಿದ್ದಾಗ ದೀಪ ಆರಿದೆ ಅಂತಿಟ್ಟುಕೊಳ್ಳಿ. ಯಾವುದಾದರೂ ಒಂದನ್ನು ಎತ್ತಿದರೆ ಹೊತ್ತುತ್ತದೆ. ಎರಡನ್ನೂ ಎತ್ತಿದರೆ ಮತ್ತೆ ಆರುತ್ತದೆ. ಇದನ್ನೇ ಕೂಡುವ ಲೆಕ್ಕ ಅಂತ ಓದಿ. ಸೊನ್ನೆಗೆ ಸೊನ್ನೆ ಸೊನ್ನೆ. ಸೊನ್ನೆಗೆ ಒಂದು ಒಂದು. ಒಂದಕ್ಕೆ ಒಂದು ಕೂಡಿದರೆ ಸೊನ್ನೆ, ಕೈಯಲ್ಲಿ ಒಂದು. ಆ ಕೈಯಲ್ಲಿ ಉಳಿದ ಒಂದಕ್ಕೆ ಬೇರೊಂದು ದೀಪ ಬೇಕು. ಎರಡೂ ಸ್ವಿಚ್ಚು ಹಾಕಿದ್ದರೆ ಮಾತ್ರ ಅದು ಹೊತ್ತಬೇಕು. ಇಷ್ಟಾದರೆ ಒಂದೊಂದೇ ಅಂಕಿ ಕೂಡುವ ಯಂತ್ರ ಸಿದ್ಧ.

ಇದನ್ನು ಒಬ್ಬರು ನಿಜವಾಗಿಯೂ ಅಡುಗೆಮನೆಯಲ್ಲಿ ಮಾಡಿದ್ದರು. 1937ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಸ್ಟಿಬಿಟ್ಜ್ ಟೆಲಿಫೋನಿನ ಹಳೇ ರಿಲೇಗಳನ್ನು ಮನೆಗೆ ತಂದರು. ತಗಡಿನ ಪಟ್ಟಿಗಳೇ ಸ್ವಿಚ್ಚು, ಟಾರ್ಚಿನ ಬಲ್ಬುಗಳೇ ಉತ್ತರ. ಅದಕ್ಕೆ ಬಂದ ಹೆಸರು ಮಾಡೆಲ್ ಕೆ. ಕೆ ಅಂದರೆ ಕಿಚನ್. ರಿಲೇ ಅಂದರೆ ಮತ್ತೇನಲ್ಲ, ನಮ್ಮ ಸ್ಟಾರ್ಟರ್ ಒಳಗಿನ ಕಾಯಿಲ್‌ನ ಪುಟ್ಟ ತಮ್ಮ.

ಆ ಕಾಯಿಲ್‌ಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು, ಅಂದರೆ ಟಕ್ ಅನ್ನದೆ ಕರೆಂಟಿನಿಂದಲೇ ಆಡುವ ಪುಟ್ಟ ಸ್ವಿಚ್ಚು. ಇಂಟೆಲ್‌ನವರ 8085 ಚಿಪ್ಪು 1976ರಲ್ಲಿ ಬಂದಾಗ ಅದರಲ್ಲಿದ್ದದ್ದು ಸುಮಾರು 6,500 ಟ್ರಾನ್ಸಿಸ್ಟರ್, 40 ಕಾಲು. ಹಳೇದು ನಿಜ. ಆದರೆ ಕಲಿಯುವುದಕ್ಕೆ ಇದರಷ್ಟು ಒಳ್ಳೆಯದು ನನಗೆ ಇನ್ನೊಂದು ಸಿಕ್ಕಿಲ್ಲ. ಯಾಕೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ.

ಲ್ಯಾಬಿನಲ್ಲಿ ಈ ಚಿಪ್ಪು ಕೂರಿಸಿದ ಕಿಟ್ ಇರುತ್ತಿತ್ತು. ಪರದೆ ಇಲ್ಲ, ಮೌಸ್ ಇಲ್ಲ. ಕೆಂಪಗೆ ಹೊಳೆಯುವ ಆರು ಅಂಕಿ, ಕೆಳಗೆ ಕ್ಯಾಲ್ಕುಲೇಟರಿನಂಥ ಕೀಲಿಗಳು. 9 ಮತ್ತು 8 ಕೂಡಬೇಕು. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಳ್ಳುತ್ತಿದ್ದೆವು: 3ಇ, 09, 06, 08, 80, 32, 50, 42, 76. ಮೊದಲೆರಡರ ಅರ್ಥ, ಎ ಅನ್ನುವ ರಿಜಿಸ್ಟರಿಗೆ, ಅಂದರೆ ಚಿಪ್ಪಿನೊಳಗೇ ಇರುವ ಪುಟ್ಟ ನೆನಪಿನ ಖಾನೆಗೆ, 9 ಹಾಕು. ಮುಂದಿನೆರಡು, ಬಿ ರಿಜಿಸ್ಟರಿಗೆ 8 ಹಾಕು. 80 ಅಂದರೆ ಕೂಡು. 32 ಅಂದರೆ ಬಂದದ್ದನ್ನು ಮೆಮೊರಿಯ 4250ನೇ ಮನೆಯಲ್ಲಿಡು. 76 ಅಂದರೆ ನಿಲ್ಲು.

ಮನೆ ನಂಬರು 4250, ಬರೆದದ್ದು 50, 42. ಈ ಚಿಪ್ಪಿಗೆ ವಿಳಾಸದ ಬಾಲ ಮೊದಲು, ತಲೆ ಆಮೇಲೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ನೇರವಾಗಿ 42, 50 ಅಂತ ಒತ್ತಿಬಿಡುತ್ತಿದ್ದರು. ಉತ್ತರ 5042ನೇ ಮನೆಗೆ ಹೋಗುತ್ತಿತ್ತು. ನಮ್ಮ ಕಿಟ್‌ನಲ್ಲಿ ಅಲ್ಲಿ ಮೆಮೊರಿಯೇ ಇರಲಿಲ್ಲ. ಊರಲ್ಲಿಲ್ಲದ ಮನೆಗೆ ಕಾಗದ ಹಾಕಿದ ಹಾಗೆ. ವಾಪಸ್ಸೂ ಬರುವುದಿಲ್ಲ!

ಸರಿಯಾಗಿ ಒತ್ತಿದವರಿಗೂ ಗಾಬರಿಯೇ. 4250 ತೆಗೆದು ನೋಡಿದರೆ 11. ಒಂಬತ್ತಕ್ಕೆ ಎಂಟು ಹನ್ನೊಂದಾ ಸಾರ್? ಹೌದಪ್ಪ, ಅದು ಹದಿನಾರರ ಲೆಕ್ಕದ 11. ಒಂದು ಹದಿನಾರು, ಮೇಲೊಂದು. 80 ಆದ ಮೇಲೆ 27 ಅಂತ ಒಂದು ಆಜ್ಞೆ ಸೇರಿಸಿದರೆ ಚಿಪ್ಪೇ ಅದನ್ನು ನಮ್ಮ ಹತ್ತರ ಲೆಕ್ಕಕ್ಕೆ ತಿದ್ದಿ 17 ತೋರಿಸುತ್ತದೆ.

ಒಂದು ಸಲ ನನ್ನಿಂದಲೇ ತಪ್ಪಾಯಿತು. ಪ್ರೋಗ್ರಾಂ ಇದ್ದದ್ದು 4200ರಿಂದ, ನಾನು ಓಡಿಸಿದ್ದು 4201ರಿಂದ. ಯಂತ್ರ ಜಗಳವಾಡಲಿಲ್ಲ, ಕೆಂಪು ದೀಪ ತೋರಿಸಲಿಲ್ಲ. ಸುಮ್ನೆ ಯಾವುದೋ ತಪ್ಪು ಉತ್ತರ ಕೊಟ್ಟಿತು. ಕಾಗದ ಹಿಡಿದು ಹುಡುಕಿದ ಮೇಲೆ ಗೊತ್ತಾಯಿತು. ನಾನು ಕೂಡಬೇಕೆಂದು ಇಟ್ಟಿದ್ದ 09 ಅದಕ್ಕೆ ಸಂಖ್ಯೆಯಾಗಿ ಕಾಣಲೇ ಇಲ್ಲ. 8085ರಲ್ಲಿ 09 ಒಂದು ಆಜ್ಞೆಯೂ ಹೌದು. ಬೇರೆ ಎರಡು ಜೋಡಿ ರಿಜಿಸ್ಟರುಗಳನ್ನು ಕೂಡು ಅಂತ ಅದರರ್ಥ. ಅದು ವಿಧೇಯವಾಗಿ ಕೂಡಿ ಮುಂದೆ ಹೋಗಿತ್ತು. ಎ ರಿಜಿಸ್ಟರಿನಲ್ಲಿ ಮೊದಲೇ ಬಿದ್ದಿದ್ದ ಯಾವುದೋ ಹಳೇ ಸಂಖ್ಯೆಗೆ 8 ಸೇರಿತ್ತು. ಆ ಸಂಜೆಯೇ ನನಗೆ ಕಂಪ್ಯೂಟರ್ ಅರ್ಥವಾದದ್ದು ಅಂತ ಅನ್ನಿಸುತ್ತದೆ. ಯಾವುದು ಆಜ್ಞೆ, ಯಾವುದು ಸಂಖ್ಯೆ ಅಂತ ಅದರ ಮೈಮೇಲೆ ಬರೆದಿರುವುದಿಲ್ಲ. ಓದುವ ಸರದಿ ಯಾವಾಗ ಬಂತು ಅನ್ನುವುದಷ್ಟೇ ಲೆಕ್ಕ. ಎಲ್ಲವೂ ಸಾಲಾಗಿ ನಿಂತ ಸ್ಟಾರ್ಟರ್ ಡಬ್ಬಿಗಳು, ಕೆಲವು ಟಕ್ ಅಂದಿವೆ, ಕೆಲವು ಅಂದಿಲ್ಲ.

ಮಧ್ಯಾಹ್ನದ ಲ್ಯಾಬಿನಲ್ಲಿ ಕರೆಂಟು ಹೋಗುವುದು ಇದ್ದದ್ದೇ. ಮುಕ್ಕಾಲು ಗಂಟೆ ಒಂದೊಂದೇ ಕೀಲಿ ಒತ್ತಿದ ಪ್ರೋಗ್ರಾಂ ಅಷ್ಟೂ ಮಾಯ. ಹುಡುಗರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಹಳೇ ಸ್ಟಾರ್ಟರೂ ಹೀಗೇ ತಾನೇ? ಕರೆಂಟು ಬಂದರೂ ಮೋಟರು ತಾನಾಗಿ ಹೊರಡುವುದಿಲ್ಲ, ರಾತ್ರಿ ಟಾರ್ಚು ಹಿಡಿದು ಯಾರಾದರೂ ತೋಟಕ್ಕೆ ಹೋಗಬೇಕು.

ಮನೆಯಲ್ಲೇ ಮಾಡಿ ನೋಡುವ ಆಸೆ ಇದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 74ಎಚ್‌ಸಿ00 ಅಂತ ಕೇಳಿ. ತಿಂಡಿ ದುಡ್ಡಿಗಿಂತ ಜಾಸ್ತಿ ಆಗದು. ಹದಿನಾಲ್ಕು ಕಾಲಿನ ಚಿಪ್ಪು, ಒಳಗೆ ನಾಲ್ಕು ನ್ಯಾಂಡ್ ಗೇಟು, ಅಂದರೆ ಎರಡೂ ಇನ್‌ಪುಟ್ 1 ಆದಾಗ ಮಾತ್ರ 0 ಕೊಡುವ ಸರ್ಕ್ಯೂಟು. ಜೊತೆಗೆ ಬೆಸುಗೆ ಇಲ್ಲದೆ ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಎರಡು ಎಲ್‌ಇಡಿ, ನಾಲ್ಕು 1 ಕಿಲೋ ಓಮ್ ರೆಸಿಸ್ಟರ್, ಹಳೇ ಮೊಬೈಲ್ ಚಾರ್ಜರಿನ 5 ವೋಲ್ಟ್. ಹದಿನಾಲ್ಕನೇ ಕಾಲಿಗೆ ಪ್ಲಸ್, ಏಳನೇದಕ್ಕೆ ಮೈನಸ್. ತಿರುಗಾಮುರುಗಾ ಮಾಡಿದರೆ ಬೆರಳು ಸುಡುತ್ತದೆ, ಹುಷಾರು. ಎರಡು ಗೇಟುಗಳನ್ನು ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್ಟಿಗೆ ಬರುವ ಹಾಗೆ ಅಡ್ಡಡ್ಡ ಜೋಡಿಸಿ. ಉಳಿದ ಒಂದೊಂದು ಇನ್‌ಪುಟ್ಟನ್ನು ರೆಸಿಸ್ಟರ್ ಮೂಲಕ ಪ್ಲಸ್‌ಗೆ ಕಟ್ಟಿ. ಎರಡೂ ಔಟ್‌ಪುಟ್ಟಿನಿಂದ ಮೈನಸ್‌ಗೆ ರೆಸಿಸ್ಟರ್ ಜೊತೆ ಒಂದೊಂದು ಎಲ್‌ಇಡಿ. ಬಳಸದ ಗೇಟುಗಳ ಇನ್‌ಪುಟ್ಟೆಲ್ಲ ಮೈನಸ್‌ಗೆ.

ಈಗ ರೆಸಿಸ್ಟರ್ ಕಟ್ಟಿದ ಎರಡರಲ್ಲಿ ಒಂದು ಇನ್‌ಪುಟ್ಟನ್ನು ವೈರಿನಿಂದ ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಿ, ತೆಗೆಯಿರಿ. ಆ ಕಡೆಯ ದೀಪ ಹೊತ್ತಿಯೇ ಇರುತ್ತದೆ. ಇನ್ನೊಂದನ್ನು ಮುಟ್ಟಿಸಿ, ಅದು ಆರಿ ಇದು ಹೊತ್ತುತ್ತದೆ. ಆಮೇಲೆ ಚಾರ್ಜರ್ ಕಿತ್ತು ಮತ್ತೆ ಹಾಕಿ. ಆದರೆ ಹಾಕುವ ಮೊದಲು, ಯಾವ ದೀಪ ಹೊತ್ತುತ್ತದೆ ಅಂತ ಮನೆಯವರ ಹತ್ತಿರ ಒಂದು ಕಾಫಿ ಪಂದ್ಯ ಕಟ್ಟಿ ನೋಡಿ.

ನಮಸ್ಕಾರ.