ಮರಳನ್ನು ನೆಚ್ಚಿದ ಜೇಕು

ಕೇಳುಗರೇ, ನಮಸ್ಕಾರ. ಜೇಕು ಎಂದೊಡನೆ ನಮ್ಮ ರೈತರಿಗೆ ನೆನಪಾಗುವುದು, ಎಷ್ಟು ಕಿತ್ತರೂ ಮಣ್ಣಿನಡಿ ಗಡ್ಡೆ ಉಳಿಸಿಕೊಂಡು ಮತ್ತೆ ಚಿಗುರುವ ಕೊನ್ನಾರಿ. ಅದೇ ಸೈಪರಸ್ ಕುಲಕ್ಕೆ ಸೇರಿದ್ದರೂ ನೀರು ನಿಲ್ಲದ ಒಣ ಮರಳನ್ನೇ ನೆಚ್ಚಿಕೊಂಡ ಒಂದು ಅಪರೂಪದ ಜೇಕಿನ ವಿಚಾರವನ್ನು ಇಂದು ಹೇಳಬಯಸುತ್ತೇನೆ. ಅದರ ಹೆಸರು ಸೈಪರಸ್ ಗ್ರೇಯಾಯ್ಡಿಸ್.

ಅಮೆರಿಕದ ಇಲಿನಾಯ್ ರಾಜ್ಯದ ಸಸ್ಯವಿಜ್ಞಾನಿ ರಾಬರ್ಟ್ ಮೋಲೆನ್‌ಬ್ರಾಕ್ ಇದನ್ನು 1959ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಅಟ್ಲಾಂಟಿಕ್ ಕರಾವಳಿಯ ಮರಳಿನಲ್ಲಿ ಬೆಳೆಯುವ, ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರ ಹೆಸರು ಹೊತ್ತ ಇನ್ನೊಂದು ಜೇಕನ್ನು ಇದು ಹೋಲುತ್ತದೆ. ಗ್ರೇಯಾಯ್ಡಿಸ್ ಎಂಬ ಹೆಸರಿನ ಅರ್ಥವೂ ಅಷ್ಟೇ, ಗ್ರೇ ಹೆಸರಿನ ಆ ಜೇಕಿನಂಥದ್ದು ಎಂದು.

ಆದರೆ ನಮ್ಮ ಜೇಕು ಬೆಳೆಯುವ ಇಲಿನಾಯ್ ಇರುವುದು ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ. ಅಲ್ಲಿಗೆ ಮರಳು ಬಂದದ್ದು ಹಿಮಯುಗದ ಕೊನೆಯಲ್ಲಿ. ಕರಗುತ್ತಿದ್ದ ಹಿಮನದಿಗಳ ಪ್ರವಾಹ ಇಲಿನಾಯ್ ನದಿಯ ಕಣಿವೆಯಲ್ಲಿ ರಾಶಿರಾಶಿಯಾಗಿ ಮರಳನ್ನು ಸುರಿಯಿತು, ಗಾಳಿ ಅದನ್ನು ದಿಬ್ಬಗಳಾಗಿ ಒಟ್ಟಿತು. ಎಷ್ಟು ಮಳೆ ಬಿದ್ದರೂ ಬೇಗನೆ ಇಂಗಿಹೋಗುವ ಆ ನೆಲದಲ್ಲಿ ಪಾಪಾಸುಕಳ್ಳಿಯ ಜಾತಿಯೊಂದು ಕೂಡ ಬೆಳೆಯುತ್ತದೆ ಎಂದರೆ ಅಲ್ಲಿನ ಒಣತನವನ್ನು ನೀವು ಊಹಿಸಿಕೊಳ್ಳಬಹುದು. ನಮ್ಮ ಜೇಕು ಅಲ್ಲಿ ಗಡ್ಡೆಯಂತೆ ಉಬ್ಬಿದ ಬುಡವನ್ನು ಮರಳೊಳಗೆ ಹುದುಗಿಸಿಕೊಂಡು, ಸಪೂರವಾದ ದಂಟಿನ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಚಾಚಿದ ಕವಲುಗಳ ಮೇಲೆ ಸಣ್ಣ ಸಣ್ಣ ಉಂಡೆಗಳಂಥ ಹೂಗೊಂಚಲು ಬಿಡುತ್ತದೆ. ಎಸಳಿಲ್ಲದ ಆ ಹೂಗಳನ್ನು ಹುಲ್ಲೆಂದು ದಾಟಿ ಹೋಗುವವರೇ ಹೆಚ್ಚು. ನನಗೆ ಮಾತ್ರ ಆ ಗೊಂಚಲು ಬಹಳ ಚೆಲುವಾಗಿ ಕಾಣುತ್ತದೆ.

ಇಲಿನಾಯ್ ಅಲ್ಲದೆ ಮಿಸೌರಿ, ಲೂಸಿಯಾನಾ, ಟೆಕ್ಸಾಸ್ ಮೊದಲಾದೆಡೆ, ಮರಳು ಇರುವಲ್ಲಿ ಮಾತ್ರ, ಚದುರಿದ ತುಣುಕುಗಳಲ್ಲಿ ಇದು ಉಳಿದಿದೆ. ಹುಲ್ಲುಗಾವಲುಗಳು ನೀರಾವರಿಯ ಹೊಲಗಳಾದದ್ದು, ದಿಬ್ಬಗಳ ಮೇಲೆ ಪೈನ್ ಮರಗಳನ್ನು ನೆಟ್ಟದ್ದು ಇದರ ನೆಲೆಯನ್ನು ಕಿರಿದುಮಾಡಿದವು. ಆದರೆ ಬೇಲಿ ಹಾಕಿ ಸುಮ್ಮನೆ ಬಿಟ್ಟರೂ ಇದು ಉಳಿಯಲಾರದು. ಬಹುಮುಖ್ಯವಾದ ಮಾತು ಇದೇ ಎಂದು ನನ್ನ ಭಾವನೆ. ಗಾಳಿ ಕೊರೆದ ಮರಳಿನ ಬರಿದು ತಗ್ಗುಗಳೇ ಈ ಗಿಡಕ್ಕೆ ಪ್ರಿಯ. ಬೆಂಕಿಯೂ ಇಲ್ಲದೆ, ಮರಳೂ ಕದಲದೆ ವರ್ಷಗಳು ಕಳೆದರೆ ಎತ್ತರದ ಹುಲ್ಲು, ಪೊದೆ, ತರಗು ಅಲ್ಲಿ ಕವಿದುಕೊಂಡು ಇದಕ್ಕೆ ಬಿಸಿಲನ್ನೇ ತಪ್ಪಿಸುತ್ತವೆ. ಆದ್ದರಿಂದ ಕಾಪಾಡುವವರು ಪೊದೆ ಕಡಿಯಬೇಕು, ಹತೋಟಿಯಲ್ಲಿ ಬೆಂಕಿ ಹಾಕಬೇಕು, ಅಲ್ಲಲ್ಲಿ ಮರಳು ಬರಿದಾಗಿಯೇ ಇರುವಂತೆ ನೋಡಿಕೊಳ್ಳಬೇಕು.